ಸಹಿಯೊಂದೇ ಎರಡನೆಯ ಹಾಳೆಗೆ

ನಾಗನಾಥನ ವರ್ಗಾವಣೆ ಅರ್ಜಿ ಒಂದು ಹಾಳೆಗೆ ಒಂದೇ ಒಂದು ಸಾಲು ಹೆಚ್ಚಾಯಿತು. ಬೇರೆ ಯಾವ ಸಾಲಾಗಿದ್ದರೂ ಅಳಿಸಿಬಿಡುತ್ತಿದ್ದ. ಅದು ಸಾಹೇಬರು ಸಹಿ ಹಾಕಬೇಕಾದ ಸಾಲು. ಎರಡನೆಯ ಹಾಳೆಯ ನೆತ್ತಿಯಲ್ಲಿ ‘ಶಿಫಾರಸು ಮಾಡಿದೆ’ ಎಂದು ಒಂಟಿಯಾಗಿ ಕೂತಿತ್ತು. ಕೆಳಗೆಲ್ಲ ಬಟ್ಟ ಬಯಲು.

ಹುಮನಾಬಾದಿನ ಆ ಕಚೇರಿಯಲ್ಲಿ ನಾಗನಾಥ ಏಳು ವರ್ಷದಿಂದ ಗುಮಾಸ್ತ. ಮನೆ ಬಸವಕಲ್ಯಾಣದಲ್ಲಿ. ಬೆಳಗಿನ ಬಸ್ಸು ಹಿಡಿಯುವಾಗ ಪುಟ್ಟ ಮಗಳು ಮಯೂರಿ ಎದ್ದಿರುವುದಿಲ್ಲ; ಸಾಹೇಬರು ಬಿಟ್ಟ ಮೇಲೆ ಸಿಕ್ಕ ಬಸ್ಸಿಗೆ ಜೋತುಬಿದ್ದು ಮನೆ ಮುಟ್ಟುವಷ್ಟರಲ್ಲಿ ಮಲಗಿರುತ್ತಾಳೆ. ಮಗಳ ಮುಖಕ್ಕಿಂತ ಕಂಡಕ್ಟರನ ಮುಖವೇ ನಿಮಗೆ ಹೆಚ್ಚು ಪರಿಚಯ ಎಂದು ಹೆಂಡತಿ ಮನೀಷಾ ಅನ್ನುತ್ತಿದ್ದಳು. ಅದು ನಿಜವೆಂದೇ ಅವನಿಗೆ ಸಂಕಟ. ಈಗ ಬಸವಕಲ್ಯಾಣದ ಕಚೇರಿಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅರ್ಜಿಗೆ ಇಂದೇ ಕೊನೆಯ ದಿನ, ಸಂಜೆ ಐದಕ್ಕೆ ಟಪಾಲು ಬೀದರಿಗೆ ಹೊರಡುತ್ತಿತ್ತು.

ಸಾಹೇಬ ಬಸವಣಪ್ಪನವರು ಎರಡನೆಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಖಾಲಿ ಹಾಳಿ ಮ್ಯಾಲ ನಾ ಸಹಿ ಮಾಡಂಗಿಲ್ಲ. ಎಲ್ಲಾ ಒಂದೇ ಹಾಳ್ಯಾಗ ಕುಂದರಿಸಿ ತಗೊಂಡ ಬರ್ರಿ.”

ಮೊದಲು ನೆರವಿಗೆ ಬಂದವರು ಹಿರಿಯ ಗುಮಾಸ್ತ ಮಾಣಿಕಪ್ಪ. ಮೌಸು ಎಲ್ಲಿ ಕಚ್ಚುತ್ತದೋ ಎಂದು ದೂರವೇ ಇರುವ ಮನುಷ್ಯ, ಸಲಹೆಗೆ ಮಾತ್ರ ಎಂದೂ ಕೊರತೆ ಮಾಡಿದವರಲ್ಲ. ಅಕ್ಷರ ಸಣ್ಣದು ಮಾಡಬೇಕೆಂದರು. ಮಾಡಿದ. ಅರ್ಜಿ ಒಂದೇ ಹಾಳೆಗೆ ಇಳಿಯಿತು, ಆದರೆ ಗಸಗಸೆ ಚೆಲ್ಲಿದಂತೆ ಕಂಡಿತು. ಸಾಹೇಬರು ಕನ್ನಡಕ ಏರಿಸಿ, ಇಳಿಸಿ, ವಾಪಸು ಕೊಟ್ಟರು. ಅಕ್ಷರ ಮತ್ತೆ ದೊಡ್ಡದಾಯಿತು. ‘ವಿಷಯ’ದ ಸಾಲು ನಟ್ಟನಡುವೆ ಬಂದರೆ ಅರ್ಜಿಗೆ ತೂಕ ಬರುತ್ತದೆಂದು ಹೇಳಿ, ಮಾಣಿಕಪ್ಪ ಧೈರ್ಯ ಮಾಡಿ ತಾವೇ ಸ್ಪೇಸ್ ಬಾರಿನ ಮೇಲೆ ಹೆಬ್ಬೆರಳಿಟ್ಟರು. ಇಟ್ಟವರು ಎತ್ತಲು ಮರೆತರು. ವಿಷಯ ನಡುವನ್ನು ದಾಟಿ ಕೆಳಗಿನ ಸಾಲಿಗೆ ಬಿತ್ತು. ಎರಡನೆಯ ಹಾಳೆಗೆ ಈಗ ಮೂರು ಸಾಲು ಹೋದವು.

ಅಷ್ಟರಲ್ಲಿ ಎದುರು ಮೇಜಿನ ಫರಹತ್ ಮೇಡಂ ಎದ್ದು ಬಂದರು. ಅವರ ಪ್ರಕಾರ ತಪ್ಪೆಲ್ಲ ಫಾಂಟಿನದು. ನಾಗನಾಥ ಬೇಡವೆನ್ನುವುದರೊಳಗೆ ಇಡೀ ಅರ್ಜಿಯನ್ನು ಸೆಲೆಕ್ಟ್ ಮಾಡಿ, ಪಟ್ಟಿಯಲ್ಲಿ ಚೆಂದ ಕಂಡ ಒಂದು ಇಂಗ್ಲಿಷ್ ಫಾಂಟನ್ನು ಒತ್ತಿಯೇಬಿಟ್ಟರು. ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ ಕನ್ನಡಕ್ಕೆ ಆಗ ಏನು ಗತಿಯಾಗುತ್ತದೆಂದು ಸರ್ಕಾರಿ ಕಚೇರಿ ಕಂಡವರಿಗೆ ಗೊತ್ತು. ತಲೆಗೆ ಟೋಪಿ, ಚುಕ್ಕೆ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು ಹಾಳೆ ತುಂಬ ನಿಂತವು. ಏಳು ವರ್ಷದ ಕಷ್ಟವೆಲ್ಲ ಯಾವುದೋ ದೇಶದ ಭಾಷೆಯಾಯಿತು.

“ಛಂದ ಕಾಣಾಕತ್ತದ ನೋಡ್ರಿ,” ಎಂದರು ಫರಹತ್. “ಓದಾಕ ಬರಂಗಿಲ್ಲ, ಅಷ್ಟ.”

ನಾಗನಾಥನಿಗೆ ಅಳುವೇ ಬಂತು. ಎಲ್ಲರೂ ಊಟಕ್ಕೆ ಎದ್ದಾಗ ಅವನು ಡಬ್ಬಿಯ ರೊಟ್ಟಿ ಮುಟ್ಟದೆ ಒಬ್ಬನೇ ಕೂತ. ನುಡಿ ಫಾಂಟನ್ನು ಹುಡುಕಿ ಹಾಕಿದ. ಮಾಣಿಕಪ್ಪನವರ ಖಾಲಿ ಜಾಗಗಳನ್ನು ಒಂದೊಂದೇ ಅಳಿಸಿದ. ಏಳು ವರ್ಷದಲ್ಲಿ ಮುಟ್ಟದಿದ್ದ ಗುಂಡಿಗಳನ್ನೆಲ್ಲ ಒತ್ತಿ ನೋಡಿದ. ಅಂಚು ತುಸು ಕಿರಿದಾಯಿತು, ಸಾಲುಗಳು ತುಸು ಹತ್ತಿರ ಸರಿದವು, ‘ವಿಷಯ’ ಒಂದೇ ಒತ್ತಿಗೆ ನಡುವೆ ಬಂದು ನಿಂತಿತು. ನಾಲ್ಕೂವರೆಗೆ ಪ್ರಿಂಟರಿನಿಂದ ಒಂದೇ ಹಾಳೆ ಹೊರಬಂತು. ಎಡಬಲದ ಅಂಚು ಗೆರೆ ಎಳೆದ ಹಾಗೆ, ಕೆಳಗೆ ಸಹಿಗೆ ಎರಡು ಬೆರಳಿನಷ್ಟು ಜಾಗ. ತನ್ನ ಬಗ್ಗೆ ತನಗೇ ಅಷ್ಟು ಅಭಿಮಾನ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಸಾಹೇಬರು ಹಾಳೆಯನ್ನು ಬಹಳ ಹೊತ್ತು ನೋಡಿದರು.

“ಇದನ್ನ ಯಾರು ಮಾಡ್ಯಾರ?”

“ನಾನ ಮಾಡೀನ್ರಿ ಸಾಹೇಬ್ರ. ಒಬ್ಬನ.”

“ಇಷ್ಟು ಬರೋಬರ್ ಮಾಡೋ ಮನಷ್ಯಾನ್ನ ಬಿಟ್ಟು ನಾ ಏನ್ ಮಾಡ್ಲಿ?” ಎನ್ನುತ್ತ ಅವರು ಪೆನ್ನಿನ ಕ್ಯಾಪು ಮುಚ್ಚಿದರು.

ಇನ್ನೂರು ಪುಟದ ವಾರ್ಷಿಕ ವರದಿ ಮೂರು ತಿಂಗಳಿಂದ ಹಾಗೇ ಬಿದ್ದಿದೆ, ನಾಳೆಯಿಂದ ಅದು ನಿಮ್ಮ ಪಾಲಿನದು ಎಂದರು. ಯಾರನ್ನಾದರೂ ಕಳಿಸಲೇಬೇಕೆಂದರೆ ಕಂಪ್ಯೂಟರ್ ಬಾರದವರನ್ನು ಕಳಿಸುವುದೇ ಕಚೇರಿಗೆ ಕ್ಷೇಮ ಎನ್ನುತ್ತ ಫೈಲಿನಿಂದ ಇನ್ನೊಂದು ಅರ್ಜಿ ತೆಗೆದರು. ಬಸವಕಲ್ಯಾಣದ ಹತ್ತಿರದ ಕೊಹಿನೂರಿನವರಾದ ಇದೇ ಮಾಣಿಕಪ್ಪ ಅದೇ ಜಾಗಕ್ಕಾಗಿ ಬೆಳಿಗ್ಗೆ ಸದ್ದಿಲ್ಲದೆ ಕೈಯಲ್ಲಿ ಬರೆದು ಕೊಟ್ಟಿದ್ದ ಅರ್ಜಿ. ಸಾಲುಗಳು ಬಲಕ್ಕೆ ಹೋದಂತೆಲ್ಲ ಇಳಿಜಾರು ಹಿಡಿದಿದ್ದವು. ಸಾಹೇಬರು ಅದರ ಮೇಲೆ ಸಹಿ ಹಾಕಿ, ಜೊತೆಗೆ ಒಂದು ಶಿಫಾರಸು ಪತ್ರವನ್ನು ಐದರೊಳಗೆ ಟೈಪು ಮಾಡಿ ಕೊಡಲು ನಾಗನಾಥನಿಗೆ ಹೇಳಿದರು.

ಅವನು ಟೈಪು ಮಾಡುತ್ತಿರುವಾಗ ಮಾಣಿಕಪ್ಪ ಬೆನ್ನ ಹಿಂದೆ ಬಂದು ನಿಂತು ಪರದೆಯನ್ನು ನೋಡಿದರು.

“ನನ್ನ ಹೆಸರಷ್ಟ ಸ್ವಲ್ಪ ದಪ್ಪ ಮಾಡ್ರಿ, ನಾಗನಾಥ್ರ.”

ನಾಗನಾಥ ದಪ್ಪ ಮಾಡಿದ.