ಯಜಮಾನರ ಮೂಗಿನ ಮಾಸ್ಕಿಗೆ ನಾನು ಪಟ್ಟಿ ಹೊಲಿದದ್ದು

ಮೈ ಎಂಥದ್ದೇ ಇರಲಿ, ಅದಕ್ಕೆ ಬಟ್ಟೆ ಕೂರಿಸುವ ವಿದ್ಯೆ ನನ್ನ ಕೈಯಲ್ಲಿದೆ ಎಂದು ನಾನು ಹದಿನೈದು ವರ್ಷ ನಂಬಿದ್ದೆ. ಧಾರವಾಡದಿಂದ ಮದುವೆಯಾಗಿ ನಾಗಪುರಕ್ಕೆ ಬಂದವಳು, ಪ್ರತಾಪ ನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅರ್ಧ ಬಡಾವಣೆಯ ಬ್ಲೌಸು ಹೊಲಿದವಳು. ಹೀಗಿರುವಾಗ ಗಂಡನ ತಲೆಗೆ ಒಂದು ಪಟ್ಟಿ ಹೊಲಿಯುವುದು ಯಾವ ಲೆಕ್ಕ? ತಲೆಗೆ ತೋಳಿಲ್ಲ, ಕಂಕುಳಿಲ್ಲ. ಗುಂಡಗಿರುತ್ತದೆ, ಅಷ್ಟೆ!

ಇದು ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರು ಸಿವಿಲ್ ಲೈನ್ಸಿನ ಒಂದು ಸರಕಾರಿ ಕಚೇರಿಯಲ್ಲಿದ್ದರು. ರಾತ್ರಿಯೆಲ್ಲ ಗೊರಕೆ, ಹಗಲೆಲ್ಲ ತೂಕಡಿಕೆ. ಒಮ್ಮೆ ಸಿಗ್ನಲ್ಲಿನಲ್ಲಿ ಸ್ಕೂಟರ್ ಮೇಲೆ ಕೂತಲ್ಲೇ ನಿದ್ದೆ ಹೋದರು. ನಾನು ಹೆದರಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. "ಮಲಗಿದಾಗ ಇವರ ಉಸಿರು ಮತ್ತೆ ಮತ್ತೆ ನಿಂತು ಹೋಗುತ್ತದೆ. ಹಗುರವಾಗಿ ತೆಗೆದುಕೊಳ್ಳಬೇಡಿ" ಎಂದರು ಡಾಕ್ಟರು. ಪರದೇಶದಲ್ಲಿ ಡಾಕ್ಟರಾಗಿದ್ದ ಇವರ ಚಿಕ್ಕಪ್ಪನ ಮಗ ಸುದ್ದಿ ಕೇಳಿ ಒಂದು ಯಂತ್ರ ಕಳಿಸಿಕೊಟ್ಟ. ಅದು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತ, ಉದ್ದನೆಯ ಪೈಪಿನಿಂದ ಮೂಗಿಗೆ ಗಾಳಿ ಊದುತ್ತಿತ್ತು. ಮೂಗಿನ ಮೇಲೆ ಒಂದು ರಬ್ಬರ್ ಮಾಸ್ಕು. ಮಾಸ್ಕನ್ನು ತಲೆಗೆ ಹಿಡಿದಿಡಲು ಪಟ್ಟಿಗಳು. ಯಾರೋ ಬಳಸಿಬಿಟ್ಟ ಯಂತ್ರವಾದ್ದರಿಂದ ಪಟ್ಟಿಯ ಎಲಾಸ್ಟಿಕ್ ಸತ್ತುಹೋಗಿತ್ತು. ನೆಂಟರ ಹಾಗೆ, ಎಳೆದರೆ ಬರುತ್ತಿತ್ತು, ವಾಪಸ್ ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಕಚೇರಿಯಲ್ಲಿ ನಿದ್ದೆ ಮಾಡಿದ್ದಕ್ಕೆ ಇವರಿಗೆ ಮೆಮೊ ಬಂತು. ಇವರು ಯಂತ್ರದ ಕಥೆ ಹೇಳಿದರು. "ಎಚ್ಚರ ಇರೋದಕ್ಕೆ ಮಲಗೋ ಮಷೀನೇ? ಬರುವ ರವಿವಾರ ನಾನೇ ಬಂದು ನೋಡುತ್ತೇನೆ" ಎಂದರಂತೆ ಸಾಹೇಬರು.

ನಾನು ಟೇಪು ಹಿಡಿದೆ.

ಮೊದಲ ಪ್ರಯೋಗ ಪರಕಾರದ, ಅಂದರೆ ಒಳಲಂಗದ, ಲಾಡಿಯಿಂದ. ಹಣೆಗೊಂದು, ಕಿವಿಯ ಕೆಳಗೊಂದು. ಯಂತ್ರ ಹಾಕಿದೊಡನೆ ಮಾಸ್ಕಿನ ಅಂಚಿನಿಂದ ಕುಂಯ್ ಎಂದು ಸೀಟಿ ಎದ್ದಿತು.

"ಏ, ಕಣ್ಣಾಗ ಗಾಳಿ ಹೊಡ್ಯಾಕತ್ತೈತಿ!" ಎಂದರು ಇವರು ಮಾಸ್ಕು ಎತ್ತಿ.

ಪಕ್ಕದ ಮನೆಯ ಕುಸುಮತಾಯಿ ಸೀಟಿ ಕೇಳಿ ಗೋಡೆಯಾಚೆಯಿಂದ ಮರಾಠಿಯಲ್ಲಿ ಕೂಗಿದರು: "ವಹಿನೀ, ಕುಕರ್ ಬಂದ್ ಕರಾ!" ಅತ್ತಿಗೆ, ಕುಕರ್ ಆರಿಸಿ ಎಂದು.

ಲಾಡಿ ಸಡಿಲ ಇರಬೇಕು ಎಂದು ನಾನು ತೀರ್ಮಾನಿಸಿದೆ. ಎರಡನೆಯ ಪ್ರಯೋಗಕ್ಕೆ ಎರಡಿಂಚಿನ ಎಲಾಸ್ಟಿಕ್. ಬಿಗಿದೆ, ಗಾಳಿ ಸೋರಿತು. ಇನ್ನೂ ಬಿಗಿದೆ, ಇನ್ನೂ ಜೋರಾಗಿ ಸೋರಿತು. ಮೂಗಿನ ಮೇಲೆ ಕೆಂಪು ಬರೆ ಎದ್ದಿತು. ಮರುದಿನ ಕಚೇರಿಯಲ್ಲಿ ಗೆಳೆಯರು, "ಮನೆಯಲ್ಲಿ ಎಲ್ಲ ಆರಾಮ ಇದೆಯಲ್ಲ?" ಎಂದು ಇವರ ಭುಜ ಸವರಿದರಂತೆ.

ಎಲ್ಲಿ ತಪ್ಪಿದೆ ಎಂದು ಯೋಚಿಸಿ ಯೋಚಿಸಿ ರವಿವಾರ ಹೊಳೆಯಿತು. ಅಳತೆ ತೆಗೆದದ್ದು ಕೂತ ತಲೆಗೆ! ಮಲಗಿದರೆ ಗಲ್ಲ ಜಾರುತ್ತದೆ, ದವಡೆ ಇಳಿಯುತ್ತದೆ. ಅಂದಮೇಲೆ ಮಲಗಿದವರ ತಲೆಯ ಮೇಲೆಯೇ ಹೊಲಿಯಬೇಕು.

ಊಟವಾದ ಮೇಲೆ ಕೂಲರ್ ಹಚ್ಚಿ ಇವರನ್ನು ಮಲಗಿಸಿದೆ.

"ಸೂಜಿ ಚುಚ್ಚೀತ ನೋಡು."

"ನೀವು ಅಲುಗಾಡಬ್ಯಾಡ್ರಿ. ಹದಿನೈದು ವರ್ಷದಾಗ ಯಾರಿಗೂ ಚುಚ್ಚಿಲ್ಲ."

ಮಾಸ್ಕು ಇಟ್ಟು ಯಂತ್ರ ಹಚ್ಚಿ, ಪಟ್ಟಿಯನ್ನು ಇಲ್ಲಿ ಎಳೆದೆ, ಅಲ್ಲಿ ಕಚ್ಚಾ ಹೊಲಿಗೆ ಹಾಕಿದೆ, ತಲೆಯ ಹಿಂದೆ ಕೈ ತೂರಿಸಿ ಅಂದಾಜಿನಲ್ಲೇ ಹೊಲಿದೆ. ಸೀಟಿ ನಿಂತಿತು! ಇವರು ಹಸುಗೂಸಿನ ಹಾಗೆ ನಿದ್ದೆ ಹೋದರು. ಗೊರಕೆ ಇಲ್ಲ. ನನ್ನ ಕಣ್ಣು ತುಂಬಿ ಬಂತು. ಆ ಆನಂದದಲ್ಲಿ ಕಚ್ಚಾ ಹೊಲಿಗೆಯ ಮೇಲೆ ಪಕ್ಕಾ ಹೊಲಿಗೆಯನ್ನೂ ಹಾಕಿ ಮುಗಿಸಿದೆ.

ಆಗಲೇ ಬಾಗಿಲ ಗಂಟೆ ಬಡಿಯಿತು. ಬಾಗಿಲು ತೆರೆದರೆ ಸಾಹೇಬರು!

ಇವರು ದಡಬಡಿಸಿ ಎದ್ದರು. ಇವರ ಜೊತೆ ದಿಂಬೂ ಎದ್ದಿತು. ಪಟ್ಟಿಯ ಜೊತೆ ದಿಂಬಿನ ಗಲೀಫನ್ನೂ ನಾನು ಸೇರಿಸಿ ಹೊಲಿದಿದ್ದೆ!

ಮುಖದಲ್ಲಿ ಮಾಸ್ಕು, ಮಾಸ್ಕಿಗೆ ಪೈಪು, ಬೆನ್ನ ಹಿಂದೆ ದಿಂಬು. ಆ ಸ್ಥಿತಿಯಲ್ಲಿ ನಮ್ಮ ಯಜಮಾನರು ಸಾಹೇಬರಿಗೆ ಕೈ ಮುಗಿದರು. "ನಮಸ್ತೆ ಸಾಬ್" ಎನ್ನಲು ಬಾಯಿ ತೆರೆದದ್ದೇ ತಡ, ಮೂಗಿನಿಂದ ಒಳಹೋಗುತ್ತಿದ್ದ ಗಾಳಿಯೆಲ್ಲ ಬಾಯಿಂದ ಭುಸ್ಸೆಂದು ಹೊರಬಂತು. "ನಮಸ್ಫೂಫೂ..." ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು.

ಬಿಚ್ಚೋಣವೆಂದರೆ ಗುಂಡಿ ಇಲ್ಲ, ಹುಕ್ಕು ಇಲ್ಲ. ಬಿಚ್ಚುವ ಜಾಗವನ್ನೇ ನಾನು ಬಿಟ್ಟಿರಲಿಲ್ಲ! ಗಡಿಬಿಡಿಯಲ್ಲಿ ನನ್ನ ಕತ್ತರಿಯೂ ಕಾಣಲೊಲ್ಲದು. ನನ್ನ ಕೂಗು ಕೇಳಿ ಕುಸುಮತಾಯಿ ತಮ್ಮ ಅಡುಗೆಮನೆಯ ಕತ್ತರಿ ಹಿಡಿದು ಓಡಿಬಂದರು. ಯಂತ್ರ ನಿಲ್ಲಿಸಿ, ದಿಂಬನ್ನು ಕತ್ತರಿಸಿ ಬೇರೆ ಮಾಡಿದರು. ಆಮೇಲೆ ಇವರನ್ನು ಮತ್ತೆ ಮಲಗಿಸಿ, ತುಂಡಾದ ಪಟ್ಟಿಗಳನ್ನು ಪಿನ್ನಿನಿಂದ ಜೋಡಿಸಿ, ನಡುವೆ ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು ಯಂತ್ರ ಹಚ್ಚಿದರು. ಮಾಸ್ಕಿನ ರಬ್ಬರು ತಾನಾಗಿ ಉಬ್ಬಿ ಮೂಗಿನ ಸುತ್ತ ಮೆತ್ತಗೆ ಕೂತಿತು. ಸದ್ದಿಲ್ಲ, ಸೋರಿಕೆ ಇಲ್ಲ.

"ರಬ್ಬರ್ ಒತ್ತಿದ್ರೆ ಸುಕ್ಕು ಬೀಳ್ತದ, ವಹಿನಿ. ಸುಕ್ಕಿನ್ಯಾಗಿಂದ ಗಾಳಿ ಹೋಗ್ತದ. ಥೋಡಂ ಢಿಲಂ ಸೋಡಾ!" ಎಂದರು ತಮಗೆ ಬರುವಷ್ಟು ಕನ್ನಡದಲ್ಲಿ ಮರಾಠಿ ಬೆರೆಸಿ. ಸ್ವಲ್ಪ ಸಡಿಲ ಬಿಡಿ! ಇಷ್ಟೇ! ಕುಸುಮತಾಯಿಗೆ ಗುಂಡಿ ಹಚ್ಚಲೂ ಬರುವುದಿಲ್ಲ. ಅವರ ಗಂಡನ ಅಂಗಿಗಳಿಗೆ ಗುಂಡಿ ಹಚ್ಚುವವಳು ನಾನೇ.

ಐದೇ ನಿಮಿಷದಲ್ಲಿ ಇವರು ಮತ್ತೆ ನಿದ್ದೆ ಹೋಗಿದ್ದರು. ಸಾಹೇಬರು ಅದನ್ನು ನೋಡುತ್ತಲೇ ಚಹಾ ಕುಡಿದರು. ಏಳುವಾಗ ನನಗೆ ಹಿಂದಿಯಲ್ಲಿ ಹೇಳಿದರು: "ಮೆಮೊ ವಾಪಸ್ ತೆಗೆದುಕೊಳ್ಳುತ್ತೇನೆ, ತಾಯಿ. ಇವರಿಗೆ ಮನೆಯಲ್ಲೇ ಸಾಕಷ್ಟು ಶಿಕ್ಷೆಯಾಗುತ್ತಿದೆ."

ಒಂದು ತಿಂಗಳಲ್ಲಿ ಇವರ ಕಣ್ಣಿನ ಕೆಂಪು ಇಳಿಯಿತು, ಮುಖಕ್ಕೆ ಕಳೆ ಬಂತು. ಇವರು ನಗುವುದನ್ನು ಎಷ್ಟೋ ವರ್ಷಗಳ ಮೇಲೆ ನೋಡಿದೆ. ಒಂದು ಮಧ್ಯಾಹ್ನ ತೂಕಡಿಸದೆ ನನ್ನ ಪಕ್ಕ ಕೂತು, ನಾನು ಹೊಲಿದಿಟ್ಟಿದ್ದ ಬ್ಲೌಸೊಂದನ್ನು ಕೈಗೆತ್ತಿಕೊಂಡರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು.

"ಅಲ್ಲಾ, ಇದರದ್ದೊಂದು ತೋಳು ಉದ್ದ, ಒಂದು ಗಿಡ್ಡ ಐತಲ್ಲ? ನೀ ಮೊದಲಿನಿಂದಲೂ ಹಿಂಗ ಹೊಲೀತಿದ್ದಿ ಏನು?"

"ನಿಮಗ ಕಣ್ಣು ಮಂಜಾಗೈತಿ" ಎಂದೆ.

ಅವರು ಅತ್ತ ಹೋದ ಮೇಲೆ ಟೇಪು ಹಿಡಿದು ನೋಡಿದೆ. ಅರ್ಧ ಇಂಚು!