ಬೆಲೆಯಿಲ್ಲದ ಚಿಲ್ಲರೆ

ಷಡ್ಡಕನಾದವನು ನಮಗಿಂತ ಶ್ರೀಮಂತನಾಗಿರಬಾರದು. ಶ್ರೀಮಂತನಾದರೂ ಬೇರೆ ಊರಿನಲ್ಲಿರಬೇಕು. ಒಂದೇ ಊರಿನಲ್ಲಿ, ಅದೂ ಎರಡೇ ಬೀದಿ ಆಚೆಗಿದ್ದರೂ ಹೇಗೋ ಹಲ್ಲು ಕಚ್ಚಿಕೊಂಡು ಸಹಿಸಬಹುದು. ಆದರೆ ಇಬ್ಬರಿಗೂ ಒಂದೇ ಹುಚ್ಚು ಮಾತ್ರ ಹಿಡಿಯಬಾರದು. ಇದು ಪರದೆ ಮಾಸ್ತರರ ಅನುಭವದ ಮಾತು.

ಪರದೆ ಮಾಸ್ತರರು ಅಂದರೆ ನಾಟಕದವರಲ್ಲ. ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದುಕೊಡುವ ದರ್ಜಿ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಎರಡರ ನಡುವಿನ ಬಾಗಿಲಿಗೆ ಒಂದು ಪರದೆ ಬೇಕೆಂದು ಹೆಂಡತಿ ಕೇಳಲು ಶುರುಮಾಡಿ ಹನ್ನೊಂದು ವರ್ಷವಾಗಿದೆ. (ಬಡಗಿಯ ಮನೆ ಕುರ್ಚಿಗೆ ಮೂರೇ ಕಾಲು ಇರುತ್ತದಲ್ಲ, ಹಾಗೆ.) ಮಾಸ್ತರರು ಅಳತೆ ತೆಗೆದು ಬಟ್ಟೆ ಕತ್ತರಿಸುವುದು, ಹೆಂಡತಿ ಯಂತ್ರ ತುಳಿದು ಹೊಲಿಯುವುದು, ಹೀಗೆ ಸಂಸಾರ ನಡೆದಿತ್ತು. ಕಾಲಲ್ಲಿ ತುಳಿದು ತುಳಿದು ಆಕೆಯ ಮಂಡಿ ಈಗೀಗ ಯಂತ್ರಕ್ಕಿಂತ ಜಾಸ್ತಿ ಸದ್ದು ಮಾಡುತ್ತಿತ್ತು. ಎರಡು ವರ್ಷದಿಂದ ಆಕೆ ಕೇಳುತ್ತಿದ್ದುದು ಒಂದೇ: ಯಂತ್ರಕ್ಕೆ ಒಂದು ಮೋಟಾರು. ಎರಡು ವರ್ಷದಿಂದ ಮಾಸ್ತರರು ಕೊಡುತ್ತಿದ್ದ ಉತ್ತರವೂ ಒಂದೇ: "ದುಡ್ಡೆಲ್ಲಿದೆ ಕಣೇ?"

ಹೆಂಡತಿಯ ಅಕ್ಕನ ಗಂಡ ದಂತವೈದ್ಯರು. ಊರಿನ ಅರ್ಧ ಹಲ್ಲು ಅವರು ಕಿತ್ತದ್ದು, ಇನ್ನರ್ಧ ಅವರು ಕಟ್ಟಿದ್ದು. ಅವರಿಗೆ ಹಳೇ ನಾಣ್ಯ ಕೂಡಿಸುವ ಹುಚ್ಚು. ಯಾರದೋ ಹಲ್ಲಿನ ಬೇರು ಸ್ವಚ್ಛ ಮಾಡಿದರೆ ಮನೆಗೆ ಒಂದು ಬೆಳ್ಳಿ ನಾಣ್ಯ ಬರುತ್ತಿತ್ತು, ಸಾಲಾಗಿ ನಾಲ್ಕು ಹಲ್ಲು ಕಟ್ಟಿದರೆ ಚಿನ್ನದ್ದು. ಎಂದೋ ಸತ್ತ ರಾಜಮಹಾರಾಜರೆಲ್ಲ ಅವರ ಮೇಜಿನ ಖಾನೆಯಲ್ಲಿ ಮಖಮಲ್ಲಿನ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದ್ದರು.

ಮಾಸ್ತರರದೂ ಅದೇ ಹುಚ್ಚು, ಆದರೆ ಹಾಸಿಗೆ ಚಿಕ್ಕದು. ಅವರು ಕೂಡಿಸುತ್ತಿದ್ದದ್ದು ದೇಶದಲ್ಲೇ ಅತಿ ಸಣ್ಣ ಬೆಲೆಯ ನಾಣ್ಯ, ಕೆಳಗೆ ಬಿದ್ದರೆ ಯಾರೂ ಬಗ್ಗಿ ಎತ್ತದಂಥದ್ದು. ವರ್ಷಕ್ಕೊಂದರಂತೆ ನಲವತ್ತೊಂದು ವರ್ಷದ ನಲವತ್ತೊಂದು ನಾಣ್ಯ. ದಪ್ಪ ರಟ್ಟಿನಲ್ಲಿ ತಾವೇ ನಲವತ್ತೊಂದು ದುಂಡನೆಯ ತೂತು ಕೊರೆದು, ಪ್ರತಿಯೊಂದರ ಕೆಳಗೂ ಇಸವಿ ಬರೆದಿದ್ದರು. ತರಕಾರಿಯವಳು ಚಿಲ್ಲರೆ ಕೊಟ್ಟರೆ ಕನ್ನಡಕ ಏರಿಸಿ ಒಂದೊಂದನ್ನೇ ಓದುತ್ತ ನಿಲ್ಲುವರು. ಹಿಂದೆ ನಿಂತವರು, "ಯಜಮಾನ್ರೇ, ಚಿಲ್ಲರೇನಾ, ಲಗ್ನಪತ್ರಿಕೇನಾ?" ಎಂದು ಕೂಗಿದರೂ ಅಲುಗರು. ಹೀಗೆ ನಲವತ್ತು ತೂತು ತುಂಬಿದವು. ಒಂದು ಮಾತ್ರ ತುಂಬಲೊಲ್ಲದು. ಆ ವರ್ಷ ಟಂಕಸಾಲೆಯಲ್ಲಿ ಅದೇನು ಕೆಟ್ಟು ಕೂತಿತ್ತೋ, ಆ ನಾಣ್ಯ ಅಚ್ಚಾದದ್ದೇ ಬೆರಳೆಣಿಕೆಯಷ್ಟಂತೆ.

ಎಡವಟ್ಟಾದದ್ದು ದಂತವೈದ್ಯರ ಮನೆಯ ಊಟದ ಮೇಜಿನಲ್ಲಿ. ಬರುವ ಭಾನುವಾರ ಲೈಬ್ರರಿಯ ದೊಡ್ಡ ಕೋಣೆಯಲ್ಲಿ ಊರಿನ ನಾಣ್ಯಪ್ರಿಯರ ಪ್ರದರ್ಶನ. ದಂತವೈದ್ಯರು ಹೊಸ ಚಿನ್ನದ ನಾಣ್ಯವೊಂದನ್ನು ಎಲ್ಲರ ಕೈಗೂ ಕೊಟ್ಟು, ಮಾಸ್ತರರ ಕೈಗೆ ಕೊಡುವ ಮುನ್ನ, "ಕೈ ಒರೆಸಿಕೊಂಡ್ರಾ ಷಡ್ಡಕ್ರೇ?" ಎಂದು ನಗುತ್ತ ಕೇಳಿದರು. ಅಷ್ಟೇ ಕೇಳಿದ್ದು. ಮಾಸ್ತರರ ಮೈಯೆಲ್ಲ ಉರಿಯಿತು.

"ಡಾಕ್ಟ್ರೇ, ದುಡ್ಡಿದ್ದೋರು ನಾಣ್ಯ ಕೊಳ್ತಾರೆ, ಕಣ್ಣಿದ್ದೋರು ಹುಡುಕ್ತಾರೆ! ಒಂದು ಕಾಸೂ ಖರ್ಚು ಮಾಡ್ದೆ ನನ್ನ ಸಾಲು ಪೂರ್ತಿ ಮಾಡಿ ಭಾನುವಾರ ಲೈಬ್ರರೀಲಿ ಇಡ್ಲಿಲ್ಲ ಅಂದ್ರೆ ಕೇಳಿ!"

"ಭೇಷ್!" ಎಂದರು ದಂತವೈದ್ಯರು. "ಇದಪ್ಪಾ ವ್ರತ ಅಂದ್ರೆ."

ಹೆಂಡತಿ ತಲೆ ಎತ್ತಲಿಲ್ಲ. ತಟ್ಟೆಯನ್ನೇ ನೋಡುತ್ತ, "ಇನ್ನೆಂಟೇ ದಿನ ಇರೋದು" ಎಂದರು.

ಭೀಷ್ಮಪ್ರತಿಜ್ಞೆಯೇನೋ ಆಯಿತು. ಆದರೆ ಮೂರು ದಿನ ಊರಿನ ಚಿಲ್ಲರೆಯನ್ನೆಲ್ಲ ಜಾಲಾಡಿದರೂ ನಾಣ್ಯ ಸಿಗಲಿಲ್ಲ. ನಾಲ್ಕನೆಯ ದಿನ ಮಾಸ್ತರರು ಅತ್ತಿತ್ತ ನೋಡಿ, ಬಸ್ ನಿಲ್ದಾಣದ ಹಿಂದೆ ಹಳೇ ನಾಣ್ಯ ಮಾರುವ ಮುದುಕನ ಅಂಗಡಿಗೆ ನುಗ್ಗಿದರು. ಅವನ ಹತ್ತಿರ ಅದು ಇತ್ತು. ಬೆಲೆ ಕೇಳಿ ಮಾಸ್ತರರು ಸ್ಟೂಲಿನ ಮೇಲೆ ಕೂತರು. ಒಂದು ಇಡೀ ಮನೆಯ ಪರದೆ ಹೊಲಿದ ಕೂಲಿ! ಕೊಟ್ಟರು. ಮುದುಕ ನಾಣ್ಯವನ್ನು ಸಣ್ಣ ಪೊಟ್ಟಣ ಕಟ್ಟಿ, ಮೇಲೆ ಪೆನ್ಸಿಲಿನಲ್ಲಿ ಇಸವಿ, ಬೆಲೆ ಎರಡನ್ನೂ ಬರೆದುಕೊಟ್ಟ. ಮನೆಯಲ್ಲಿ, ಯಂತ್ರದ ಬೆಲ್ಟು, ಎಣ್ಣೆ, ರಿಪೇರಿ ಎಂದು ಏನೇನೋ ಲೆಕ್ಕ ಒಪ್ಪಿಸಿದ್ದಾಯಿತು.

ಮುಂದಿನದು ಮಾಸ್ತರರ ಮಹಾಯೋಜನೆ. ಒಂದೇ ಇಸವಿಯವು ಎರಡೆರಡು ಸಿಕ್ಕಿದಾಗ ಹೆಚ್ಚಿನದನ್ನು ಅವರು ಗುಂಡಿಗಳ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಪೊಟ್ಟಣವನ್ನು ಅದರ ತಳಕ್ಕೆ ತುರುಕಿದರು. ಶನಿವಾರ ಸಂಜೆ ಅಂಗಡಿ ತುಂಬ ಜನ ಇರುವಾಗ, ಟೀ ಅಂಗಡಿಯಿಂದ ಬಂದ ಚಿಲ್ಲರೆ ಎಣಿಸುತ್ತ, ಆ ನಾಣ್ಯ ಈಗಷ್ಟೇ ಕಣ್ಣಿಗೆ ಬಿದ್ದಂತೆ ಬೆಚ್ಚಿಬೀಳುವುದು. ಸಾಕ್ಷಿಗೆ ಸಾಕ್ಷಿ, ಕೀರ್ತಿಗೆ ಕೀರ್ತಿ. ಬೆಚ್ಚಿಬೀಳುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದಾಗ ಹೆಂಡತಿ ಬಂದರು.

"ಯಾಕ್ರೀ ಕನ್ನಡಿ ನೋಡಿ ಬೆಚ್ಚಿಬೀಳ್ತಿದೀರಿ? ದಿನಾ ನೋಡೋ ಮುಖಾನೇ ಅಲ್ವಾ? ಈ ಡಬ್ಬೀಲೇನಿದು, ಗಲಗಲ ಅಂತಿದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ತರರು ಒಂದಕ್ಕೆ ಮೂರು ಮಾತಾಡಿದರು. "ಅದಾ? ಏನಿಲ್ಲ ಕಣೇ! ಬೆಲೆಯಿಲ್ಲದ ಚಿಲ್ಲರೆ! ತೂತಿಗೆ ಬೇಡವಾದದ್ದು!"

"ಎಲ್ಲಾನೂ ಬೆಲೆಯಿಲ್ಲದ್ದೇನಾ?"

"ಎಲ್ಲಾನೂ!"

"ಸರಿಯಾಗಿ ಜ್ಞಾಪಿಸ್ಕೊಂಡು ಹೇಳಿ."

"ಇದ್ರಲ್ಲಿ ಜ್ಞಾಪಿಸ್ಕೊಳೋದೇನಿದೆ? ಎಸೆದ್ರೂ ಕೇಳೋರಿಲ್ಲ!"

"ಸರಿ ಹಾಗಾದ್ರೆ" ಎಂದು ಹೆಂಡತಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋದರು.

ಶುಕ್ರವಾರ ಬೆಳಿಗ್ಗೆ ಮಾಸ್ತರರು ಡಬ್ಬಿ ತೆರೆದರೆ ಒಳಗೆ ಗುಂಡಿಗಳಿವೆ, ಗುಂಡಿಗಳು ಮಾತ್ರ ಇವೆ.

"ಏ ಇವಳೇ! ಇದ್ರಲ್ಲಿದ್ದ ಚಿಲ್ಲರೆ ಎಲ್ಲಿ?"

"ಪರದೆಗೆ ಹಾಕ್ದೆ" ಎಂದರು ಹೆಂಡತಿ, ತುಳಿಯುವುದನ್ನು ನಿಲ್ಲಿಸದೆ. "ಪರದೆ ನೆಟ್ಟಗೆ ಇಳಿಬೀಳ್ಲಿ ಅಂತ ಅಂಚಿನ ಮಡಿಕೇಲಿ ಸೀಸದ ಬಿಲ್ಲೆ ಇಟ್ಟು ಹೊಲೀತೀವಲ್ಲ, ಬಿಲ್ಲೆ ಮುಗಿದಿತ್ತು. ಬೆಲೆಯಿಲ್ಲದ ಚಿಲ್ಲರೆ ಅಂದ್ರಲ್ಲ, ಹಾಕಿ ಹೊಲಿದೆ. ಎಷ್ಟು ಚೆನ್ನಾಗಿ ಕೂತಿದೆ ಗೊತ್ತಾ!"

"ಯಾ... ಯಾರ ಪರದೆ?"

"ಭಾವನ ಕ್ಲಿನಿಕ್ಕಿಂದು. ನಿನ್ನೇನೇ ಹೋಗಿ ತೂಗುಹಾಕಿ ಬಂದೆ."

ಮಾಸ್ತರರು ಗುಂಡಿಗಳನ್ನೆಲ್ಲ ಮೇಜಿನ ಮೇಲೆ ಸುರಿದು ಕೆದಕಿದರು.

"ಯಾಕ್ರೀ, ಅದ್ರಲ್ಲಿ ಬೇಕಾದ್ದೇನಾದ್ರೂ ಇತ್ತಾ?" ಹೆಂಡತಿ ಈಗ ಯಂತ್ರ ನಿಲ್ಲಿಸಿ, ಅವರ ಮುಖವನ್ನೇ ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಗಲೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೇಳಿದರೆ ಬೆಲ್ಟಿನ ಕಥೆ ಬಿಚ್ಚುತ್ತದೆ, ಎಣ್ಣೆಯ ಕಥೆ ಬಿಚ್ಚುತ್ತದೆ, ಕೊನೆಗೆ ಪ್ರತಿಜ್ಞೆಯ ಕಥೆಯೂ ಬಿಚ್ಚುತ್ತದೆ. ಒಂದು ನೂಲೆಳೆದರೆ ಇಡೀ ಪರದೆ ಬಿಚ್ಚುವುದು ದರ್ಜಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಇಲ್ಲಪ್ಪ! ನನಗೇನು ಬೇಕು?" ಎಂದರು ಮಾಸ್ತರರು.

"ಸರಿ ಹಾಗಾದ್ರೆ" ಎಂದು ಹೆಂಡತಿ ಮತ್ತೆ ತುಳಿಯತೊಡಗಿದರು.

ಶನಿವಾರ ಬೆಳಿಗ್ಗೆ ಮಾಸ್ತರರು ಜೇಬಿನಲ್ಲಿ ಸಣ್ಣ ಕತ್ತರಿ ಇಟ್ಟುಕೊಂಡು ಕ್ಲಿನಿಕ್ಕಿಗೆ ಹೋದರು. ಪರದೆ ಹೊರಗಿನ ಕೋಣೆಯಲ್ಲಿದ್ದರೆ ಸುಲಭವಿತ್ತು. ಅದು ತೂಗುತ್ತಿದ್ದದ್ದು ಒಳಗೆ, ಹಲ್ಲು ಕೀಳುವ ಕುರ್ಚಿಯ ಪಕ್ಕದ ಕಿಟಕಿಗೆ. ಒಳಗೆ ಹೋಗಬೇಕಾದರೆ ಹಲ್ಲು ನೋಯಬೇಕು. ಮಾಸ್ತರರು ಕೈಗೆ ಸಿಕ್ಕ ಕೆನ್ನೆ ಹಿಡಿದುಕೊಂಡು ನರಳಿದರು.

"ಕೊನೆಗೂ ಬಂದ್ರಾ!" ದಂತವೈದ್ಯರ ಮುಖ ಅರಳಿತು. "ಆ ಕೊನೇ ದವಡೆಹಲ್ಲು ಅಡ್ಡ ಮಲಗಿದೆ, ತೆಗೆಸಿಕೊಳ್ಳಿ ಅಂತ ಐದು ವರ್ಷದಿಂದ ಬಡ್ಕೊಳ್ತಿದೀನಿ. ತುಂಬಾ ನೋವಾ?"

ಮಾಸ್ತರರು ಪರದೆಯ ಅಂಚನ್ನು ನೋಡಿದರು. ಒಂದು ಗೇಣಿಗೊಂದರಂತೆ ದುಂಡಗೆ ಉಬ್ಬಿಕೊಂಡಿವೆ ಕಳ್ಳಮುಂಡೇವು! "ತಡೆಯಕ್ಕಾಗ್ತಿಲ್ಲ ಡಾಕ್ಟ್ರೇ!" ಎಂದರು. ಆ ಮಾತು ಮಾತ್ರ ಸತ್ಯ.

ಸೂಜಿ ಚುಚ್ಚಿ, "ದವಡೆ ಮರಗಟ್ಟಲಿ, ಐದು ನಿಮಿಷ ಆರಾಮಾಗಿ ಕೂತಿರಿ" ಎಂದು ದಂತವೈದ್ಯರು ಆಚೆ ಹೋದರು. ಅವರ ಬೆನ್ನು ಮರೆಯಾಗುವುದೇ ತಡ, ಮಾಸ್ತರರು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು, ಮಂಡಿಯೂರಿ ಅಂಚು ಬಿಚ್ಚತೊಡಗಿದರು. ಹೆಂಡತಿಯ ಹೊಲಿಗೆ! ಇಪ್ಪತ್ತೆಂಟು ವರ್ಷದಲ್ಲಿ ಎಂದೂ ಹೊಗಳದಿದ್ದ ಆ ಹೊಲಿಗೆಯ ಗಟ್ಟಿತನ ಅವರಿಗೆ ಅರ್ಥವಾದದ್ದು ಆವತ್ತೇ. ಒಂದು ನಾಣ್ಯ ಬಿತ್ತು, ಅದಲ್ಲ. ಎರಡನೆಯದು, ಅದೂ ಅಲ್ಲ. ಹನ್ನೊಂದನೆಯದೂ ಕೈಗೆ ಬಂತು. ಎಲ್ಲವೂ ಅವೇ ಬೆಲೆಯಿಲ್ಲದ ಚಿಲ್ಲರೆ. ಅಂಚು ಮುಗಿಯಿತು.

"ಏನ್ರೀ ಮಾಡ್ತಿದೀರಿ ಅಲ್ಲಿ?" ಬಾಗಿಲಲ್ಲಿ ದಂತವೈದ್ಯರು.

ಮಾಸ್ತರರು, ಹೊಲಿಗೆ ಸರಿಯಾಗಿದೆಯಾ ನೋಡುತ್ತಿದ್ದೆ ಎಂದು ಹೇಳಹೋದರು. ಮರಗಟ್ಟಿದ ಬಾಯಿಂದ ಹೊರಟದ್ದು, "ಒಯಿಗೆ ಅಯಿ ಆಇಯಾ" ಎಂದು.

"ಪಾಪ, ನೋವಿಗೆ ನೆಲದ ಮೇಲೇ ಹೊರಳಾಡ್ಬಿಟ್ರಲ್ಲ" ಎಂದು ದಂತವೈದ್ಯರು ರಟ್ಟೆ ಹಿಡಿದು ಎಬ್ಬಿಸಿ ಕುರ್ಚಿಗೆ ಒರಗಿಸಿ, ಐದು ವರ್ಷದ ಆಸೆಯನ್ನು ಐದು ನಿಮಿಷದಲ್ಲಿ ತೀರಿಸಿಕೊಂಡರು. ಹಲ್ಲನ್ನು ತೊಳೆದು ಕಾಗದದಲ್ಲಿ ಸುತ್ತಿ ಕೈಗಿಟ್ಟರು. ಬಾಯಿಗೆ ಹತ್ತಿ ತುರುಕಿ, "ಗಟ್ಟಿಯಾಗಿ ಕಚ್ಚಿ ಹಿಡೀರಿ. ಒಂದು ಗಂಟೆ ಬಾಯಿ ತೆರೀಬಾರ್ದು, ಒಂದಕ್ಷರ ಮಾತಾಡ್ಬಾರ್ದು" ಎಂದರು. "ದುಡ್ಡು ಗಿಡ್ಡು ಏನೂ ಬೇಡ, ಮನೆಯೋರ ಹತ್ರ ತಗೊಳ್ತಾರಾ? ಬನ್ನಿ, ನೋವು ಮರೆಯೋ ಹಾಗೆ ಒಂದು ತೋರಿಸ್ತೀನಿ."

ಮೇಜಿನ ಖಾನೆ ಎಳೆದರು. ಮಖಮಲ್ಲಿನ ಮೇಲೆ, ಎರಡು ಚಿನ್ನದ ರಾಜರ ನಡುವೆ, ಅದು ಕೂತಿತ್ತು. ಪಕ್ಕದಲ್ಲಿ ಪೆನ್ಸಿಲಿನ ಬರಹದ ಪೊಟ್ಟಣವೂ ಇತ್ತು.

"ಗುರುವಾರ ನಾದಿನಿ ಪರದೆ ಹಾಕೋಕೆ ಬಂದಾಗ ತಂದಿದ್ರು. ಗುಂಡಿ ಡಬ್ಬೀಲಿ ಸಿಕ್ತಂತೆ. ಪೊಟ್ಟಣದ ಮೇಲೆ ಬೆಲೆ ಬರ್ದಿದೆ ಭಾವ, ಅದ್ರ ಮೇಲೆ ಅರ್ಧ ಸೇರಿಸಿ ಕೊಡಿ ಅಂದ್ರು. ಕೊಟ್ಟೆ. ನಿಜ ಹೇಳ್ಲಾ? ಇದು ನಿಮ್ಮ ಸಾಲಿಗೆ ಕಮ್ಮಿ ಇರೋದು ಅಂತ ಗೊತ್ತಿತ್ತು, ಸುಮ್ನೆ ನಿಮಗೇ ಕೊಟ್ಬಿಡೋಣ ಅನ್ನಿಸ್ತು. ಆದ್ರೆ ನಿಮ್ಮದು ವ್ರತ. ಹುಡುಕಿ ತೆಗೀಬೇಕು ಅನ್ನೋರಿಗೆ ಕೈಗಿಟ್ಟು ಅವಮಾನ ಮಾಡೋದಾ? ಛೆ ಛೆ!"

ಮಾಸ್ತರರು ಹತ್ತಿಯನ್ನು ಕಚ್ಚಿ ಹಿಡಿದರು. ವೈದ್ಯರ ಅಪ್ಪಣೆಯನ್ನು ಯಾವ ರೋಗಿಯೂ ಅಷ್ಟು ಗಟ್ಟಿಯಾಗಿ ಪಾಲಿಸಿರಲಿಕ್ಕಿಲ್ಲ.

ಮನೆ ಹತ್ತಿರ ಬಂದಾಗ ಅಂಗಡಿಯ ಒಳಗಿಂದ ಹೊಸದೊಂದು ಸದ್ದು ಕೇಳಿತು. ಝುಂಯ್... ಹೆಂಡತಿ ಯಂತ್ರದ ಮುಂದೆ ಕಾಲು ನೀಡಿಕೊಂಡು ಮಹಾರಾಣಿಯ ಹಾಗೆ ಕೂತಿದ್ದರು. ಕಾಲ ತುದಿಯಿಂದ ಒತ್ತಿದರೆ ಸಾಕು, ಬಟ್ಟೆ ತಾನಾಗಿ ಓಡುತ್ತಿತ್ತು. ಹೊಲಿಯುತ್ತಿದ್ದದ್ದು ನಡುಬಾಗಿಲಿನ ಪರದೆ.

"ಬಂದ್ರಾ? ಭಾವ ಫೋನ್ ಮಾಡಿದ್ರು. ಕೂತ್ಕೊಳ್ಳಿ. ನೋಡಿ, ಮೋಟಾರು ಬಂತು. ದುಡ್ಡೆಲ್ಲಿಂದ ಅಂತ ಕೇಳ್ಬೇಡಿ, ಹೇಗೂ ಕೇಳೋಕಾಗಲ್ಲ. ಎಲ್ಲಾ ನಿಮ್ಮ ಬೆಲೆಯಿಲ್ಲದ ಚಿಲ್ಲರೇದೇ. ಎರಡು ಸಲ ಕೇಳ್ದೆ, ಮೂರು ಸಲ ಕೇಳ್ದೆ. ಬೆಲ್ಟಿಗೆ, ಎಣ್ಣೆಗೆ ಅಂದ್ರಲ್ಲ, ದಿನಾ ತುಳಿಯೋ ನನಗೆ ಹಳೇ ಬೆಲ್ಟು ಗೊತ್ತಾಗಲ್ವಾ? ಅದಿರ್ಲಿ, ಕೈಲೇನದು, ಪೊಟ್ಟಣ?"

ಮಾಸ್ತರರು ಕೈ ಹಿಂದೆ ಮಾಡುವಷ್ಟರಲ್ಲಿ ಆಕೆ ಬಿಡಿಸಿ ನೋಡಿದರು.

"ಇದಕ್ಕೆ ಭಾವ ದುಡ್ಡು ತಗೊಂಡ್ರಾ?"

ಮಾಸ್ತರರು ಇಲ್ಲವೆಂದು ತಲೆಯಾಡಿಸಿದರು.

"ಒಂದು ಕಾಸೂ ಖರ್ಚಾಗ್ಲಿಲ್ಲ?"

ಮತ್ತೆ ಇಲ್ಲವೆಂದು ತಲೆಯಾಡಿಸಿದರು.

"ಇನ್ನೇನು ಮತ್ತೆ! ಆಡಿದ ಮಾತು ಉಳಿಸ್ಕೊಂಡ್ಬಿಟ್ರಿ" ಎಂದು ಹೆಂಡತಿ ಗೋಡೆಯಿಂದ ರಟ್ಟನ್ನು ಇಳಿಸಿ, ಖಾಲಿ ಉಳಿದಿದ್ದ ತೂತಿನಲ್ಲಿ ಹಲ್ಲನ್ನಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಅಳತೆ ತೆಗೆದು ಕೊರೆದಂತೆ ಕೂತಿತು. "ನಲವತ್ತೊಂದೂ ಆಯ್ತು. ನಾಳೆ ಲೈಬ್ರರಿಗೆ ನಾನೂ ಬರ್ತೀನಿ."

ಮಾಸ್ತರರು ಬಾಯಿ ತೆರೆಯಹೋದರು.

"ಉಶ್! ಡಾಕ್ಟ್ರು ಏನು ಹೇಳಿದಾರೆ?" ಎಂದು ಹೆಂಡತಿ ಗೋಡೆಯ ಗಡಿಯಾರ ತೋರಿಸಿ, ಕುರ್ಚಿಯನ್ನು ಹತ್ತಿರಕ್ಕೆಳೆದು, ಮೋಟಾರು ಒತ್ತಿದರು. ಗಂಟೆ ಮುಗಿಯುವುದಕ್ಕೆ ಇನ್ನೂ ನಲವತ್ತು ನಿಮಿಷವಿತ್ತು. ಆಕೆಗೆ ಹೇಳುವುದು ಎರಡು ವರ್ಷದ್ದಿತ್ತು.