ಹೊಟ್ಟೆ, ಕ್ಯಾಮೆರಾ ಮತ್ತು ವಿಮಾನದ ತಕ್ಕಡಿ

ನಾಜೂಕಾದ ವಸ್ತು ನನ್ನ ಕೈಗೆ ಬಂತೆಂದರೆ ಅದರ ಆಯುಷ್ಯ ಮುಗಿಯಿತೆಂದೇ ಲೆಕ್ಕ ಎಂದು ನನ್ನ ಹೆಂಡತಿ ಬಂದವರೆದುರಿಗೆಲ್ಲ ಹೇಳುತ್ತಾಳೆ. ಈ ಮಾತು ಸುಳ್ಳೆಂದು ಸಾಧಿಸಲು ನಾನು ಮದುವೆಯಾದಂದಿನಿಂದ ಹೆಣಗುತ್ತಿದ್ದೇನೆ. ಆ ಹೆಣಗಾಟದಲ್ಲಿ ಎರಡು ಲಾಟೀನಿನ ಗಾಜು, ಮೂರು ಕನ್ನಡಕ, ಅವಳ ತವರಿನಿಂದ ಬಂದ ಉಪ್ಪಿನಕಾಯಿಯ ಭರಣಿ ಒಡೆದದ್ದು ನಿಜ. ಆದರೆ ನನ್ನ ಕ್ಯಾಮೆರಾ ಇಂದಿಗೂ ಒಂದು ಗೀರಿಲ್ಲದೆ ಉಳಿದಿದೆ. ಅದು ಎತ್ತಿನ ಬಂಡಿಯಲ್ಲಿ ನಾರಾಯಣಪುರದ ಗುಡಿಯವರೆಗೆ ಕುಲುಕಾಡುತ್ತ ಹೋಗಿ ಬಂದಿದೆ, ಬಸ್ಸಿನ ನೆತ್ತಿಯ ಮೇಲೆ ಕುಳಿತಿದೆ, ಒಮ್ಮೆ ವಿಮಾನದಲ್ಲೂ ಹಾರಿದೆ. ವಿಮಾನದಲ್ಲಿ ಕ್ಯಾಮೆರಾ ಒಯ್ಯುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಊಟದ ಹೊತ್ತು ಮೀರುವವರೆಗೆ ಉಪದೇಶ ಮಾಡಬಲ್ಲೆ. ಇಷ್ಟು ವರ್ಷಗಳಲ್ಲಿ ಒಬ್ಬ ಪುಣ್ಯಾತ್ಮನೂ ಕೇಳಿಲ್ಲ. ಅದಕ್ಕೇ ಈಗ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ.

ಆಗ ನಾನು ಕಲ್ಯಾಣಿಯ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಬಸವಕಲ್ಯಾಣ ಎಂಬ ಹೆಸರು ಇನ್ನೂ ಬೋರ್ಡಿನ ಮೇಲೆ ಬಂದಿರಲಿಲ್ಲ. ಚಿತ್ರ ಬರೆಯಲು ಬಾರದ ಡ್ರಾಯಿಂಗ್ ಮಾಸ್ತರ ಮರ್ಯಾದೆ ಉಳಿಸಿಕೊಳ್ಳಲು ಏನು ಮಾಡುತ್ತಾನೆ? ಫೋಟೋ ತೆಗೆಯುತ್ತಾನೆ. ನನ್ನ ಕ್ಯಾಮೆರಾ ಈಗಿನವರ ಹಾಗೆ ಕೊರಳಿಗೆ ನೇತುಹಾಕುವ ಆಟಿಕೆಯಲ್ಲ. ತೇಗದ ಡಬ್ಬಿ, ಹಿಗ್ಗಿ ಕುಗ್ಗುವ ಚರ್ಮದ ತಿದಿ, ಮುಕ್ಕಾಲಿ, ತಲೆಯ ಮೇಲೆ ಹೊದ್ದುಕೊಳ್ಳುವ ಕರಿಬಟ್ಟೆ, ಇವೆಲ್ಲಕ್ಕಿಂತ ಮೇಲಾಗಿ ಪ್ಲೇಟುಗಳು. ಪ್ಲೇಟೆಂದರೆ ಒಂದು ಮಗ್ಗುಲಿಗೆ ಹಾಲಿನ ಕೆನೆಯಂಥ ಮದ್ದು ಸವರಿದ ಗಾಜು. ಫೋಟೋ ಬೀಳುವುದು ಅದರ ಮೇಲೆ. ಅದಕ್ಕಿಂತ ಮೊದಲು ಒಮ್ಮೆ ಬೆಳಕು ಕಂಡರೂ ಅದು ಸತ್ತಂತೆ. ಹಾಗಾಗಿ ಕತ್ತಲ ಕೋಣೆಯಲ್ಲಿ ಕೈಯಿಂದ ತಡವಿಯೇ ಅದನ್ನು ಚೌಕಟ್ಟಿಗೆ ಸೇರಿಸಬೇಕು. ಮದ್ದು ಯಾವ ಮಗ್ಗುಲಿಗಿದೆ ಎಂದು ಕತ್ತಲೆಯಲ್ಲಿ ತಿಳಿಯದಿದ್ದರೆ ನಾವು ಫೋಟೋದವರು ಮೂಲೆಯನ್ನು ಮೆಲ್ಲಗೆ ನಾಲಿಗೆಗೆ ತಾಗಿಸಿ ನೋಡುತ್ತೇವೆ. ಮದ್ದಿದ್ದರೆ ಅಂಟುತ್ತದೆ. ಈ ನಾಲಿಗೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷವೋ ಏನೋ, ಹುಮನಾಬಾದಿನ ತೊಗರಿ ವ್ಯಾಪಾರಿ ಸಂಗಪ್ಪ ಸಾಹುಕಾರರ ಮಗಳು ಪಾರ್ವತಿಯ ಮದುವೆ ಬೆಂಗಳೂರಿನಲ್ಲಿ, ಗಂಡಿನ ಮನೆಯಲ್ಲಿ ನಿಶ್ಚಯವಾಯಿತು. ಫೋಟೋ ನಾನೇ ತೆಗೆಯಬೇಕೆಂದು ಅವರ ಹಟ. ಬೀಗರ ಊರಿನಲ್ಲಿ ನಮ್ಮ ಕಡೆಯವನೂ ಒಬ್ಬ ಕರಿಬಟ್ಟೆ ಹೊದ್ದು ನಿಲ್ಲಲಿ ಎಂಬ ಜಂಬವೂ ಇದ್ದೀತು. ದಿಬ್ಬಣವೆಲ್ಲ ರೈಲಿನಲ್ಲಿ ವಾರ ಮೊದಲೇ ಹೋಗುವುದೆಂದಾಯಿತು. ನನಗೆ ಪರೀಕ್ಷೆಯ ಕಾಲ. ಹೆಡ್‌ಮಾಸ್ತರರು ನಾಲ್ಕು ದಿನಕ್ಕಿಂತ ಹೆಚ್ಚು ರಜೆ ಕೊಡಲೊಲ್ಲರು. ಸಾಹುಕಾರರಿಗೆ ರೇಗಿತು, ರೇಗಿದ ಭರದಲ್ಲಿ ಹೈದರಾಬಾದಿನ ಬೇಗಂಪೇಟೆಯಿಂದ ನನಗೆ ವಿಮಾನದ ಟಿಕೇಟನ್ನೇ ತೆಗೆಸಿಬಿಟ್ಟರು.

ನಾನು ಒಪ್ಪಿದ್ದು ವಿಮಾನದ ಆಸೆಗೆ ಎಂದು ಊರಲ್ಲಿ ಆಡಿಕೊಂಡರು. ಅದೂ ಇತ್ತು, ಅಲ್ಲವೆನ್ನುವುದಿಲ್ಲ. ಆದರೆ ನಿಜವಾದ ಕಾರಣ ಸಾಹುಕಾರರ ತಾಯಿ ಗಂಗಮ್ಮ ಆಯಿ. ಪಾರ್ವತಿ ಮೂರು ವರ್ಷದವಳಿದ್ದಾಗಲೇ ತಾಯಿ ತೀರಿಕೊಂಡಳು. ಅವಳನ್ನು ಸಾಕಿದ್ದು ಈ ಆಯಿ. ಈಗ ಆಯಿಗೆ ಪಡಸಾಲೆಯಿಂದ ಅಂಗಳಕ್ಕೆ ಹೋಗುವುದೇ ಒಂದು ಯಾತ್ರೆ. ಬೆಂಗಳೂರು ಎಲ್ಲಿ ಬಂತು? ಅವರು ನನ್ನ ಕೈ ಹಿಡಿದು, "ನನ್ನ ಮೊಣಕಾಲು ನನ್ನ ಅಲ್ಲಿತನಕ ಒಯ್ಯಾಂಗಿಲ್ಲಪ. ಬಾಸಿಂಗ ಕಟ್ಟಿದ ಅಕಿ ಮುಖ ತಂದು ನನಗ ತೋರಸು. ಅಷ್ಟು ನೋಡಿದ್ರ ಸಾಕು" ಅಂದರು. ತರುತ್ತೇನೆಂದು ಮಾತು ಕೊಟ್ಟೆ.

ಆಮೇಲೆ ಬಂತು ವಿಮಾನದವರ ಕಾಗದ. ಹೆಡ್‌ಮಾಸ್ತರರು ಅದನ್ನು ಓದಿ, ಕನ್ನಡಕ ತೆಗೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ವಿಮಾನ ಸಣ್ಣದಾದ್ದರಿಂದ ಪ್ರಯಾಣಿಕನನ್ನೂ ಅವನ ಸಾಮಾನನ್ನೂ ಒಟ್ಟಿಗೆ ತೂಗುತ್ತಾರಂತೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎಲ್ಲ ಸೇರಿ ನೂರು ಸೇರು. ಅದಕ್ಕಿಂತ ಹೆಚ್ಚಾದರೆ ಸಾಮಾನಾದರೂ ಉಳಿಯಬೇಕು, ಸಾಹೇಬರಾದರೂ ಉಳಿಯಬೇಕು.

ಮರುದಿನವೇ ಹುಮನಾಬಾದಿನ ಗಂಜಿಗೆ, ಎಂದರೆ ಕಾಳಿನ ಪೇಟೆಗೆ ಹೋಗಿ, ತೊಗರಿ ಚೀಲ ತೂಗುವ ತಕ್ಕಡಿಯ ಒಂದು ತಟ್ಟೆಯಲ್ಲಿ ಕುಳಿತೆ. ನಮ್ಮ ಗಂಜಿನಲ್ಲಿ ತೂಗುವಾಗ 'ಒಂದು' ಎನ್ನುವ ಪದ್ಧತಿಯಿಲ್ಲ. 'ಲಾಭ' ಎಂದೇ ಎಣಿಕೆ ಶುರು. ಹಮಾಲನು ಎದುರಿನ ತಟ್ಟೆಗೆ ಮೊದಲ ಕಲ್ಲು ಇಟ್ಟು "ಲಾಭ" ಎಂದು ಕೂಗಿದ. ಅಂಗಡಿಯವರೆಲ್ಲ ಎದ್ದು ಬಂದರು. ಎಂಬತ್ತಾರು ಸೇರಿಗೆ ಮುಳ್ಳು ನಿಂತಿತು. ಕ್ಯಾಮೆರಾ ಪೆಟ್ಟಿಗೆ ಹದಿನೆಂಟು. ಒಟ್ಟು ನಾಲ್ಕು ಸೇರು ಹೆಚ್ಚು. ನಾಲ್ಕು ಸೇರು ಏನು ಮಹಾ, ಒಂದು ತಿಂಗಳು ತುಪ್ಪ ಬಿಟ್ಟರಾಯಿತು ಎಂದುಕೊಂಡೆ.

ಆದರೆ ಕ್ಯಾಮೆರಾವನ್ನು ಕಾಪಾಡುವ ಜನ ಹುಟ್ಟಿಕೊಂಡರಲ್ಲ! ಮೊದಲು ಬಂದವನು ಬಳೆಗಾರ ಮಹಬೂಬ್‌ಸಾಬ. ಮೂರು ತಲೆಮಾರಿನಿಂದ ಗಾಜು ಹೊತ್ತ ಮನೆತನ. "ಮಾಸ್ತರ್, ಗಾಜು ಬಿದ್ದು ಒಡ್ಯೂದು ಕಮ್ಮಿ. ಒಂದಕ್ಕೊಂದು ತಿಕ್ಕಾಡಿ ಒಡೀತದ. ನಡುವ ಜಾಗಾನೇ ಬಿಡಬ್ಯಾಡ್ರಿ" ಎಂದು ಪೆಟ್ಟಿಗೆಯ ಸಂದುಗೊಂದುಗಳಿಗೆಲ್ಲ ಹುಲ್ಲು ತುರುಕಿದ. ಹುಲ್ಲು ಚುಚ್ಚೀತೆಂದು ನನ್ನ ಹೆಂಡತಿ ಅದರೊಳಗೆ ಅರಳೆ ಹಾಕಿದಳು. ಅರಳೆ ಜಾರೀತೆಂದು ಕೌದಿ ಸುತ್ತಿದಳು. ಚೊಚ್ಚಲ ಬಾಣಂತನಕ್ಕೂ ಅವಳು ಅಷ್ಟು ಮುತುವರ್ಜಿ ಮಾಡಿಕೊಂಡದ್ದನ್ನು ನಾನು ಕಾಣೆ. ಕೊನೆಗೆ ತೂಗಿದರೆ ಪೆಟ್ಟಿಗೆ ಇಪ್ಪತ್ತೆರಡು ಸೇರು! ಕ್ಯಾಮೆರಾ ಹೆಚ್ಚು ಹೆಚ್ಚು ಕ್ಷೇಮವಾದಷ್ಟೂ ನಾನು ಕಡಿಮೆ ಕಡಿಮೆಯಾಗಬೇಕು. ಮುಕ್ಕಾಲಿಯನ್ನು ಊರಲ್ಲೇ ಬಿಟ್ಟೆ. ಬೆಂಗಳೂರಿನಲ್ಲಿ ಒಂದು ಎತ್ತರದ ಸ್ಟೂಲು ಸಿಕ್ಕುವುದಿಲ್ಲವೇ? ಅದರಿಂದ ಎರಡು ಸೇರು ಇಳಿಯಿತು. ಉಳಿದ ಆರು ಸೇರು ನನ್ನ ಮೈಯಿಂದಲೇ ಹೋಗಬೇಕಾಯಿತು.

ಆ ತಿಂಗಳನ್ನು ನೆನೆದರೆ ಈಗಲೂ ಹೊಟ್ಟೆ ಚುರುಗುಟ್ಟುತ್ತದೆ. ಬೆಳಿಗ್ಗೆ ಅಂಬಲಿ, ಸಂಜೆ ಅರ್ಧ ಜೋಳದ ರೊಟ್ಟಿ. ಅದೂ ಹೆಂಡತಿ ಎದುರು ಕುಳಿತು ಎರಡು ಭಾಗ ಮಾಡಿ, ದೊಡ್ಡ ಭಾಗ ತಾನು ಇಟ್ಟುಕೊಂಡು. ತರಗತಿಯಲ್ಲಿ ಕರಿಹಲಗೆಯ ಮೇಲೆ ಮಾವಿನಹಣ್ಣು ಬರೆದರೆ ನನಗೇ ಬಾಯಲ್ಲಿ ನೀರು. ಸಿಟ್ಟಂತೂ ಮೂಗಿನ ತುದಿಯಲ್ಲಿ. ಭಾನುವಾರಕ್ಕೊಮ್ಮೆ ಗಂಜಿಗೆ ಹೋಗಿ ತೂಗಿಸಿಕೊಳ್ಳುತ್ತಿದ್ದೆ. ಹಮಾಲ ಒಂದೊಂದೇ ಕಲ್ಲು ಇಳಿಸುತ್ತ, ಈ ವಾರವೂ ಮಾಸ್ತರರಿಗೆ ನುಕ್ಸಾನ ಎಂದು ಮರುಗುತ್ತಿದ್ದ.

ಹೊರಡುವ ಮುನ್ನಾದಿನ ಮಧ್ಯಾಹ್ನ ಪೆಟ್ಟಿಗೆಯೊಂದಿಗೆ ಹುಮನಾಬಾದಿಗೆ ಬಂದು ಸಾಹುಕಾರರ ಮನೆಯಲ್ಲಿಳಿದೆ. ಮನೆಯಲ್ಲಿದ್ದವರು ಆಯಿ ಮತ್ತು ಅಡಿಗೆಯವಳು ಮಾತ್ರ. ಆಯಿಯ ಮುಂದೆ ಬುಟ್ಟಿಯ ತುಂಬ ಶೇಂಗಾದ ಹೋಳಿಗೆ. ಕುಂತಲ್ಲೇ ಕುಂತು, ತಾವೇ ಬೇಯಿಸಿದ್ದು. ಪಾರೂಗೆ ಮುಟ್ಟಿಸಬೇಕಂತೆ. ನಾನು ಹೌಹಾರಿದೆ. ಒಂದು ಸೇರು ಹೆಚ್ಚಾದರೂ ನನ್ನನ್ನು ಬಿಟ್ಟು ಹೋಗುತ್ತಾರೆ, ಸಾಧ್ಯವೇ ಇಲ್ಲ ಎಂದೆ. ಆಯಿ ಎರಡಾದರೂ ಒಯ್ಯಿ ಎಂದರು. ಹಸಿದ ಹೊಟ್ಟೆ, ಮೂಗಿಗೆ ಯಾಲಕ್ಕಿಯ ವಾಸನೆ, ನಾನು ದನಿ ಏರಿಸಿಯೇ ಒಲ್ಲೆನೆಂದುಬಿಟ್ಟೆ. ಆಯಿ ಬುಟ್ಟಿಗೆ ಬಟ್ಟೆ ಮುಚ್ಚಿ, ಪೆಟ್ಟಿಗೆಯಲ್ಲಿ ಏನೇನಿದೆ ಎಂದು ಕೇಳಿದರು. ಹೇಳಿದೆ. ಎರಡು ರಟ್ಟಿನ ಡಬ್ಬಿಯಲ್ಲಿ ಗಾಜಿದೆ ಅಂದೆ.

"ಗಾಜಿನ ಮ್ಯಾಲ ಏನದ?"

"ಏನೂ ಇಲ್ಲ ಆಯಿ, ಖಾಲಿ ಅವ" ಎಂದು ಗುರುಗುಟ್ಟಿ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಕೊನೆಯ ಸಲ ತೂಗಿಸಿಕೊಳ್ಳಲು ಗಂಜಿಗೆ ಹೋದೆ. ಎಂಬತ್ತು ಸೇರು, ಸರಿಯಾಗಿ! ಅದು ಕೆಡಬಾರದೆಂದು ಅಂದು ನೀರು ಕೂಡ ಲೆಕ್ಕ ಇಟ್ಟು ಕುಡಿದೆ.

ಬೇಗಂಪೇಟೆಯಲ್ಲಿ ಒಬ್ಬ ಸಾಹೇಬ ನನ್ನನ್ನೂ ಪೆಟ್ಟಿಗೆಯನ್ನೂ ಯಂತ್ರದ ಮೇಲೆ ನಿಲ್ಲಿಸಿದ. ಉಸಿರಿಗೂ ತೂಕವಿದ್ದರೆ ಗತಿಯೇನೆಂದು ಉಸಿರು ಬಿಟ್ಟು ನಿಂತೆ. ಮುಳ್ಳು ಅಲ್ಲಾಡಿ ಅಲ್ಲಾಡಿ ಗೆರೆಯ ಮೇಲೆಯೇ ನಿಂತಿತು. ಪೆಟ್ಟಿಗೆಯನ್ನು ಕೆಳಗಿಡಲು ನಾನು ಒಪ್ಪಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಗಳಿಂದ ತಬ್ಬಿಕೊಂಡೆ. ವಿಮಾನ ನೆಲ ಬಿಟ್ಟಿತು. ಕೆಳಗೆ ಏನೇನು ಕಂಡಿತು ಎಂದು ಕೇಳಬೇಡಿ. ನಾನು ಕಣ್ಣು ಮುಚ್ಚಿದ್ದೆ. ಆದರೆ ಮೂಗು ಮುಚ್ಚಿರಲಿಲ್ಲವಲ್ಲ. ಎಲ್ಲಿಂದಲೋ ಬೆಲ್ಲದ, ಹುರಿದ ಶೇಂಗಾದ, ಯಾಲಕ್ಕಿಯ ಪರಿಮಳ! ಆಕಾಶದಲ್ಲಿ ಹೋಳಿಗೆ ಎಲ್ಲಿಂದ ಬರಬೇಕು? ಮುದುಕಿಯ ಮನಸ್ಸು ನೋಯಿಸಿದ ಪಾಪವೇ ವಾಸನೆಯಾಗಿ ಬೆನ್ನು ಹತ್ತಿದೆ ಎಂದುಕೊಂಡೆ. ಶಿವಶಿವಾ ಎಂದು ಪೆಟ್ಟಿಗೆಯನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡರೆ ವಾಸನೆ ಇನ್ನೂ ಹೆಚ್ಚಾಯಿತು.

ಮದುವೆಯ ಮನೆಯಲ್ಲಿ ಮಾಲೆ, ಓಲಗ, ಗದ್ದಲ. ನಾನು ಬಚ್ಚಲುಮನೆ ಸೇರಿ, ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿ, ಕಗ್ಗತ್ತಲೆ ಮಾಡಿಕೊಂಡು ಪ್ಲೇಟಿನ ಡಬ್ಬಿ ತೆರೆದೆ. ಕರಿಯ ಕಾಗದ ಬಿಡಿಸಿ ಒಂದನ್ನು ಕೈಗೆತ್ತಿಕೊಂಡೆ. ಬೆರಳಿಗೆ ಏಕೋ ಒರಟಾಗಿತ್ತು. ಅಭ್ಯಾಸದಂತೆ ಮೂಲೆಯನ್ನು ನಾಲಿಗೆಗೆ ತಾಗಿಸಿದೆ.

ಸಿಹಿ.

ಇನ್ನೊಂದು ಮೂಲೆ ತಾಗಿಸಿದೆ. ಅದೂ ಸಿಹಿ. ಮುಂದಿನದು ನನ್ನ ಬುದ್ಧಿ ಮಾಡಿದ್ದಲ್ಲ, ತಿಂಗಳು ಉಪವಾಸವಿದ್ದ ಬಾಯಿ ಮಾಡಿದ್ದು. ಸಂಗತಿ ಏನೆಂದು ತಲೆಗೆ ಹತ್ತುವ ಹೊತ್ತಿಗೆ ಒಂದು ಪ್ಲೇಟನ್ನು ಪೂರ್ತಿ ತಿಂದು ಮುಗಿಸಿದ್ದೆ. ಬಾಗಿಲು ತೆಗೆದು ಬೆಳಕಿನಲ್ಲಿ ನೋಡುತ್ತೇನೆ, ಎರಡೂ ಡಬ್ಬಿಗಳಲ್ಲಿ ಶೇಂಗಾದ ಹೋಳಿಗೆ! ಅಂಚು ಕೊಯ್ದು, ಡಬ್ಬಿಯ ಅಳತೆಗೆ ಸರಿಯಾಗಿ ಚೌಕ ಮಾಡಿ, ನನ್ನದೇ ಕರಿಕಾಗದದಲ್ಲಿ ಸುತ್ತಿ, ಗಾಜಿನ ತೂಕಕ್ಕೆ ತೂಕ ಸರಿಮಾಡಿ ಇಟ್ಟಿದ್ದರು ಆಯಿ. ಖಾಲಿ ಗಾಜು ಅಷ್ಟು ದೂರ ಹೊತ್ತು ಏನು ಮಾಡುತ್ತಾನೆ ಈ ಹುಚ್ಚ ಮಾಸ್ತರ ಎಂದುಕೊಂಡಿರಬೇಕು. ತಪ್ಪೇನು, ಖಾಲಿ ಎಂದು ಬೊಗಳಿದವನು ನಾನೇ. ಮಹಬೂಬ್‌ಸಾಬನ ಹುಲ್ಲು, ಹೆಂಡತಿಯ ಅರಳೆ, ಕೌದಿ ಎಲ್ಲ ಹೇಗಿದ್ದವೋ ಹಾಗೇ ಇದ್ದವು. ಬಿಸಿಲಿಗೆ ಒಣಗಿದ ಪಾಪಡದಂತೆ ಮುರಿಯುವ ಹೋಳಿಗೆ, ಅಷ್ಟು ದೂರ ಹಾರಿ ಬಂದರೂ ಒಂದೂ ಮುರಿದಿರಲಿಲ್ಲ.

ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಪಾರೂನ ಮುಖ ತರುತ್ತೇನೆಂದು ಆಯಿಗೆ ಮಾತು ಕೊಟ್ಟಿದ್ದೆನಲ್ಲ, ಈಗ ಯಾವ ಮುಖ ಹೊತ್ತು ಹೋಗಲಿ? ನಿಜವಾಗಿ ಅಳು ಬಂತು. ಅಳುತ್ತಲೇ ಇನ್ನೊಂದು ಹೋಳಿಗೆ ತಿಂದೆ. ಆಗ ನೆನಪಾಯಿತು: ಬಂದ ತಕ್ಷಣ ಕತ್ತಲೆ ಸಿಗುವುದೋ ಇಲ್ಲವೋ ಎಂಬ ಭಯಕ್ಕೆ ಕಲ್ಯಾಣಿಯಲ್ಲೇ ಒಂದು ಚೌಕಟ್ಟಿಗೆ ಎರಡು ಪ್ಲೇಟು ಹಾಕಿ, ಕ್ಯಾಮೆರಾದ ಬೆನ್ನಿಗೇ ಕಟ್ಟಿದ್ದೆ. ಅವು ಇದ್ದವು! ಎರಡೇ ಎರಡು ಫೋಟೋ. ಸಾಕು.

ಮೊದಲನೆಯದನ್ನು ಗಂಡಿನ ಸೋದರಮಾವ ನುಂಗಿದರು. ಜರಿಪೇಟದ ದೊಡ್ಡ ಮನುಷ್ಯ. ಬೀಗರೆಲ್ಲರದು ಒಂದು ಗುಂಪಿನ ಫೋಟೋ ಆಗದೆ ಮದುವೆಯೇ ಮುಂದೆ ಹೋಗದು ಎಂದು ನಿಂತರು. ಆಯಿತು. ಎರಡನೆಯದಕ್ಕೂ ಅವರದೇ ಬೇಡಿಕೆ, ಈ ಸಲ ಅವರೊಬ್ಬರದೇ. ಹುಮನಾಬಾದಿನಲ್ಲಿ ಒಂದು ಜೀವ ಕಾಯುತ್ತಿದೆ, ಇದು ಅದಕ್ಕೆ ಎಂದು ಹೇಳಿ ಪೆಟ್ಟಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದೆ. ನನ್ನ ಜನ್ಮದಲ್ಲಿ ಜರಿಪೇಟದವರಿಗೆ ಬೆನ್ನು ತಿರುಗಿಸಿದ್ದು ಅದೊಂದೇ ಸಲ.

ಹಿತ್ತಲಲ್ಲಿ ಪಾರ್ವತಿ ಬಾಸಿಂಗ ಕಟ್ಟಿಕೊಂಡು ಒಬ್ಬಳೇ ಕುಳಿತಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಅತ್ತು ಮುಖ ಬಾತಿತ್ತು. ಏನೂ ಹೇಳದೆ ಡಬ್ಬಿ ತೆರೆದು ಅವಳ ಮುಂದಿಟ್ಟೆ. ಒಂದು ಮುರಿದು ಬಾಯಿಗಿಟ್ಟಳು. "ಆಯಿ ಮಾಡ್ಯಾಳ" ಎಂದಳು, ನಾನು ಹೇಳುವ ಮೊದಲೇ. ಆಮೇಲೆ ಚೌಕದ ಹೋಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಕಣ್ಣಲ್ಲಿ ನೀರಿರುವಾಗಲೇ ನಗತೊಡಗಿದಳು. ನಾನು ಸ್ಟೂಲಿನ ಮೇಲೆ ಕ್ಯಾಮೆರಾ ಇಟ್ಟು, ಅಲ್ಲಾಡಬೇಡ ಎಂದು ಕೈ ಎತ್ತಿದೆ. ಅವಳು ಬಾಯಿ ತುಂಬ ತುಂಬಿಕೊಂಡದ್ದನ್ನು ನುಂಗದೆ ಹಾಗೇ ಉಸಿರು ಹಿಡಿದು ಕುಳಿತಳು.

ಊರಿಗೆ ಬಂದು ಪ್ಲೇಟು ತೊಳೆದು, ಕಾಗದಕ್ಕಿಳಿಸಿ, ಹುಮನಾಬಾದಿಗೆ ಒಯ್ದು ಆಯಿಯ ಕೈಗಿಟ್ಟೆ. ಆಯಿಗೆ ಕಣ್ಣು ಮಂಜು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಾಸಿಂಗ ನೋಡಿದರು, ದಂಡೆ ನೋಡಿದರು, ಬೆರಳು ಬಂದು ಕೆನ್ನೆಯ ಮೇಲೆ ನಿಂತಿತು.

"ಇದ್ಯಾಕಪ, ಗಲ್ಲ ಉಬ್ಬ್ಯಾದ?"

"ನಿಮ್ಮ ಹೋಳಿಗಿ ಆಯಿ."

ಆಯಿ ಸೆರಗಿನಿಂದ ಮೊದಲು ಫೋಟೋ ಒರೆಸಿದರು, ಆಮೇಲೆ ಕಣ್ಣು. ತಾವೇ ಹೋಗಿ ಉಣ್ಣಿಸಿ ಬಂದಂತಾಯಿತು ಎಂದರು. ನಾನೂ ಆ ಕಡೆ ಮುಖ ತಿರುಗಿಸಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಇಪ್ಪತ್ತನಾಲ್ಕು ಗಾಜುಗಳನ್ನು ತರಿಸಿ ಮುಂದಿಟ್ಟರು. ಅವುಗಳ ಮೇಲೆ ಏನೋ ಬೆಳ್ಳಗಿನ ಕೊಳೆ ಹತ್ತಿತ್ತಂತೆ. ಬಿಸಿನೀರಿನಲ್ಲಿ ನೆನೆಹಾಕಿ, ಹುಣಸೆಹಣ್ಣು ಹಚ್ಚಿ, ಎರಡು ದಿನ ತಿಕ್ಕಿ ತಿಕ್ಕಿ ತೆಗೆಸಿದರಂತೆ. ಕನ್ನಡಿಯಂತೆ ಫಳಫಳ ಹೊಳೆಯುತ್ತಿದ್ದವು. ಈಗ ನಮ್ಮ ಮನೆಯ ಕಿಟಕಿಗಿರುವುದು ಅವೇ.

ಹೊರಡಲು ಎದ್ದಾಗ ಆಯಿ, ಒಟ್ಟು ಮೂವತ್ತಾರು ಹೋಳಿಗೆ ಇಟ್ಟಿದ್ದೆ, ಪಾರೂಗೆ ಎಷ್ಟು ಮುಟ್ಟಿದವು ಎಂದು ಕೇಳಿದರು. ಬಚ್ಚಲುಮನೆಯಲ್ಲಿ ಎರಡು ಎಂದು ನಿಮಗೆ ಹೇಳಿದೆನಲ್ಲ, ಅದು ಬರೀ ಅಳುವ ಹೊತ್ತಿನದು. ಸಮಾಧಾನ ಮಾಡಿಕೊಳ್ಳುವಾಗಿನದು ಬೇರೆ ಇತ್ತು. ನಾನು ಎದೆ ಸೆಟೆಸಿ, ಮಹಬೂಬ್‌ಸಾಬನ ಹಿಕ್ಮತ್ತನ್ನೆಲ್ಲ ವರ್ಣಿಸಿ, "ವಿಮಾನದಾಗ ಒಯ್ದರೂ ಒಂದೂ ಮುರೀಲಿಲ್ಲ ಆಯಿ" ಎಂದೆ.

"ಮುರದದ್ದು ಯಾರು ಕೇಳ್ಯಾರ?" ಎಂದ ಆಯಿ, ಸೂಜಿಯ ಕಣ್ಣಿರಲಿ, ಎದುರಿಗಿದ್ದ ಮನುಷ್ಯನ ಗುರುತೂ ಹತ್ತದ ಆ ಮಂಜುಗಣ್ಣುಗಳಿಂದ ನೆಟ್ಟಗೆ ನನ್ನ ಹೊಟ್ಟೆಯನ್ನು ನೋಡಿದರು.